ಸ್ವಲ್ಪ ಬ್ಯಾಟರಿ ಹಿಡೀರಿ

ಅಪ್ಪಯ್ಯ ತೀರಿಕೊಂಡು ಇಪ್ಪತ್ತು ದಿನ ಆಗಿರಲಿಲ್ಲ, ಡೊಂಬಿವಿಲಿಯ ನಮ್ಮ ಮನೆಯಲ್ಲಿ ಕರೆಂಟು ಹೋಯಿತು. ಕಟ್ಟಡದ ಬೇರೆಲ್ಲ ಮನೆಗಳಲ್ಲೂ ದೀಪವಿದೆ, ನಮ್ಮಲ್ಲಿ ಮಾತ್ರ ಇಲ್ಲ. 2019ರ ಜುಲೈ ತಿಂಗಳು, ಹೊರಗೆ ಧೋ ಎಂದು ಮಳೆ. ಅಮ್ಮ ಅಭ್ಯಾಸಬಲದಿಂದ ಒಳಕೋಣೆಯ ಕಡೆ ತಿರುಗಿ 'ಹ್ವಾಯ್' ಎಂದು ಕರೆದಳು. ಕರೆದ ಮೇಲೆ ಸುಮ್ಮನಾದಳು.

ಆ ಮನೆಗೆ ಮೂವತ್ತೆರಡು ವರ್ಷಗಳಲ್ಲಿ ಹೊರಗಿನ ಇಲೆಕ್ಟ್ರಿಶಿಯನ್ ಕಾಲಿಟ್ಟದ್ದು ಅದೇ ಮೊದಲು. ಹುಡುಗ ಬಂದು ಬೋರ್ಡು ಬಿಚ್ಚಿದ, ಒಂದು ನಿಮಿಷ ನೋಡಿದ, ಆಮೇಲೆ ನನ್ನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದ: 'ಇದನ್ನು ಯಾರು ಮಾಡಿದ್ದು?' ಆ ಪ್ರಶ್ನೆಯ ಧಾಟಿ ಮೆಚ್ಚುಗೆಯದಾಗಿರಲಿಲ್ಲ. ಅರ್ಥಿಂಗ್ ಇಲ್ಲವೇ ಇಲ್ಲ. ಎರಡು ಸ್ವಿಚ್ಚುಗಳು ಫೇಸಿನ ಬದಲು ನ್ಯೂಟ್ರಲ್ಲಿನಲ್ಲಿ ಕೂತಿವೆ. ಎಂದರೆ ಸ್ವಿಚ್ಚು ಆರಿಸಿದರೂ ದೀಪದ ಹೋಲ್ಡರಿನಲ್ಲಿ ಕರೆಂಟು ಇದ್ದೇ ಇರುತ್ತದೆ. 'ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲವಲ್ಲ, ನಿಮ್ಮ ದೇವರು ದೊಡ್ಡವನು' ಅಂದ ಹುಡುಗ. ನನಗೆ ಸಿಟ್ಟು ಬಂತು. ಅವನು ಹೇಳಿದ್ದು ಸರಿ ಎಂದು ಗೊತ್ತಿದ್ದೂ ಬಂತು. ಅದರ ಹಿಂದೆಯೇ ಒಂದು ಹೆದರಿಕೆಯೂ ಬಂತು: ಈ ಕಟ್ಟಡದ ಇನ್ನೆಷ್ಟು ಮನೆಗಳಲ್ಲಿ ಅಪ್ಪಯ್ಯ ಹೀಗೆಯೇ ವೈರು ಎಳೆದಿದ್ದಾರೆ?

ಅಪ್ಪಯ್ಯನ ಕೈ ತಾಗದ ಮನೆ ನಮ್ಮ ಕಟ್ಟಡದಲ್ಲಿ ಇರಲಿಲ್ಲ ಎಂದೇ ಹೇಳಬೇಕು. ಸಂಜೆ ಏಳೂವರೆಗೆ ಕಾರ್ಖಾನೆಯಿಂದ ಬಂದು ಕಾಲು ತೊಳೆಯುವಷ್ಟರಲ್ಲಿ ಬಾಗಿಲಲ್ಲಿ ಯಾರಾದರೂ ನಿಂತಿರುತ್ತಿದ್ದರು. ಮೇಲಿನ ಮನೆಯ ನಳ ಸೋರುತ್ತದೆ, ವಾಶರ್ ಹೋಗಿದೆ. ಪಕ್ಕದವರ ಪಂಪ್ ಸ್ಟೋವು ಹತ್ತುತ್ತಿಲ್ಲ. ಇನ್ನೊಬ್ಬರ ಫ್ಯಾನು ಆಮೆಯ ಹಾಗೆ ತಿರುಗುತ್ತದೆ, ಕಂಡೆನ್ಸರ್ ಬದಲಾಯಿಸಬೇಕು. ಮಿಕ್ಸರಿನ ಕಾರ್ಬನ್ ಬ್ರಶ್ಶು ಸವೆದಿದೆ. ಟ್ಯೂಬ್‌ಲೈಟು ಮಿಣಮಿಣ ಅನ್ನುತ್ತದೆ, ಅದು ಚೋಕೋ ಸ್ಟಾರ್ಟರೋ ನೋಡಬೇಕು. ಅಪ್ಪಯ್ಯ ಕ್ಯಾನ್ವಾಸ್ ಚೀಲ ಹೆಗಲಿಗೆ ಹಾಕಿ ಹೊರಡುತ್ತಿದ್ದರು. ಆ ಚೀಲದಲ್ಲಿದ್ದ ಪಾನಾ, ಪಕ್ಕಡ್, ಹಾತೋಡಿ, ಕಾನಸ್ ಯಾವುದಕ್ಕೂ ಅವರ ಬಾಯಲ್ಲಿ ಕನ್ನಡದ ಹೆಸರೇ ಇರಲಿಲ್ಲ. ಕೆಲಸ ಕಲಿತದ್ದು ಮರಾಠಿಯಲ್ಲಿ. ಹಸಿವು, ದೇವರು, ಬೈಗುಳ ಮಾತ್ರ ಕುಂದಾಪ್ರ ಕನ್ನಡದಲ್ಲಿ.

ಎಲ್ಲಿ ಹೋದರೂ ಸ್ಟೂಲು ಹತ್ತಿದ ತಕ್ಷಣ ಅವರು ಹೇಳುತ್ತಿದ್ದ ಮಾತು ಒಂದೇ. 'ಜರಾ ಬ್ಯಾಟರಿ ಧರಾ.' ನಮ್ಮವರಾದರೆ, 'ಸ್ವಲ್ಪ ಬ್ಯಾಟರಿ ಹಿಡ್ಕಣಿ.' ಮುಂಬಯಿಯಲ್ಲಿ ಟಾರ್ಚಿಗೆ ಬ್ಯಾಟರಿ ಅನ್ನುವುದು ವಾಡಿಕೆ. ಬೆಳಕು ಸಾಕಷ್ಟಿದ್ದರೂ ಅವರು ಇದನ್ನು ಹೇಳುತ್ತಿದ್ದರು. ಎಷ್ಟೋ ಸಲ ನಾನೂ ಜತೆಗೆ ಹೋಗಿರುತ್ತಿದ್ದೆ. ನಾನು ಬ್ಯಾಟರಿಗೆ ಕೈ ಚಾಚಿದರೆ ಬೇಡ ಅನ್ನುವ ಹಾಗೆ ತಲೆ ಆಡಿಸಿ ಆ ಮನೆಯ ಯಜಮಾನನ ಕೈಗೇ ಕೊಡುತ್ತಿದ್ದರು. ಆತ ಮಂತ್ರಾಲಯದಲ್ಲಿ ಗುಮಾಸ್ತನಿರಲಿ, ಕಾಲೇಜಿನ ಪ್ರಾಧ್ಯಾಪಕನಿರಲಿ, ಅರ್ಧ ಗಂಟೆ ಕತ್ತು ಎತ್ತಿ ನಿಂತಿರಬೇಕು. ಇದೇನು ಹಟ ಎಂದು ನನಗೆ ತುಂಬ ವರ್ಷ ಅರ್ಥವಾಗಿರಲಿಲ್ಲ.

ಅಪ್ಪಯ್ಯ 1961ರಲ್ಲಿ, ಹದಿನಾಲ್ಕನೆಯ ವಯಸ್ಸಿಗೆ, ಮುಂಬಯಿಗೆ ಬಂದವರು. ಕೋಟೆ ಪ್ರದೇಶದ ಒಂದು ಹೋಟೆಲಿನಲ್ಲಿ ಹಗಲು ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ತೂಕಡಿಸುತ್ತ ಓದಿದವರು. ಆ ಕಾಲದ ನಮ್ಮ ಕರಾವಳಿ ಹುಡುಗರಲ್ಲಿ ನೂರಾರು ಮಂದಿಯ ಕತೆ ಇದೇ. ಹಾಗಾಗಿ ಅದನ್ನು ಬೆಳೆಸುವುದಿಲ್ಲ. ಆಮೇಲೆ ಭಾಂಡುಪಿನ ಕಾರ್ಖಾನೆಯೊಂದರಲ್ಲಿ ಹೆಲ್ಪರ್ ಆಗಿ ಸೇರಿ, ನೋಡಿ ನೋಡಿ ಫಿಟ್ಟರ್ ಆದರು. ಇಲೆಕ್ಟ್ರಿಕಲ್ ಕೆಲಸ ಯಾರೂ ಕಲಿಸಿದ್ದಲ್ಲ. ಅದು ನಮ್ಮ ಬೋರ್ಡಿನಲ್ಲೇ ಕಾಣುತ್ತಿತ್ತು, ಬಿಡಿ.

ಊರು ಬಿಟ್ಟದ್ದು ಬಡತನಕ್ಕೆ ಎಂದು ನಾವು ತಿಳಿದಿದ್ದೆವು. ಬಡತನ ಇತ್ತು. ಆದರೆ ಅವರು ಒಮ್ಮೆ ಮಾತ್ರ, ನನ್ನ ಮದುವೆಯ ಹಿಂದಿನ ವಾರ, ಹೇಳಿದ ಕತೆ ಬೇರೆ. ಅಜ್ಜ ಗೇಣಿ ಒಕ್ಕಲು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಎಂದು ಧಣಿಯ ಮನೆಗೆ ಅಳೆದು ಹಾಕುವುದು. ಅದರಲ್ಲಿ ಅಜ್ಜ ಎಂದೂ ತಪ್ಪಿದವನಲ್ಲ. ಅಪ್ಪಯ್ಯನಿಗೆ ಒಂಬತ್ತು ವರ್ಷವಿದ್ದಾಗ ಧಣಿಯ ಮನೆಯ ಅಮ್ಮ ತನ್ನ ಮಗನ ಹಳೆಯ ಅಂಗಿಯೊಂದನ್ನು ಕೊಟ್ಟರಂತೆ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟದ್ದು. ಅಪ್ಪಯ್ಯ ಹಾಕಿಕೊಂಡು ಶಾಲೆಗೆ ಹೋದರೆ ಆ ಮಗ ಎಲ್ಲರ ಎದುರು, 'ಅದು ನನ್ನ ಅಂಗಿ' ಅಂದ. ಅಷ್ಟೇ ಆಗಿದ್ದರೆ ಮರೆಯಬಹುದಿತ್ತು. ಅಂಗಿ ಕೊಟ್ಟ ಮೇಲೆ ಆ ಮನೆಯ ಮದುವೆಗೆ ಚಪ್ಪರ ಹಾಕಲು, ಸೂತಕಕ್ಕೆ ಸೌದೆ ಒಡೆಯಲು, ಮಾಡಿಗೆ ಹುಲ್ಲು ಹೊದೆಸಲು ಅಜ್ಜ ಕೂಲಿಯಿಲ್ಲದೆ ಹೋಗಬೇಕಾಯಿತು. ಯಾರೂ ಒತ್ತಾಯ ಮಾಡಲಿಲ್ಲ. 'ಅಂಗಿ ಕೊಟ್ಟ ಮನೆ, ಹೇಗೆ ಇಲ್ಲ ಅನ್ನುವುದು' ಎಂದು ಅಜ್ಜನೇ ಹೋಗುತ್ತಿದ್ದ. 1974ರ ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಕೊಟ್ಟರೆ ಉಳುವ ಭೂಮಿ ತನ್ನದಾಗುತ್ತದೆ ಎಂದಾಗಲೂ ಅಜ್ಜ ಹಿಂದೆಮುಂದೆ ನೋಡಿದನಂತೆ. ಗೇಣಿ ಕೊಟ್ಟು ಮುಗಿದಿತ್ತು, ಅಂಗಿ ಮುಗಿದಿರಲಿಲ್ಲ. ಕೊನೆಗೆ ಅಪ್ಪಯ್ಯ ಮುಂಬಯಿಯಿಂದ ಎರಡು ಕಾಗದ ಬರೆದು ಜಗಳವಾಡಿದ ಮೇಲೆ ಅರ್ಜಿ ಹಾಕಿದ.

ನಮ್ಮ ಭಾಷೆಯಲ್ಲಿ ಇದಕ್ಕೆ ಎಷ್ಟು ಸೂಕ್ಷ್ಮವಾದ ಮಾತುಗಳಿವೆ ನೋಡಿ. ಸಾಲ ಅಂದರೆ ಲೆಕ್ಕವಿರುವುದು, ತೀರಿಸಿದರೆ ಮುಗಿಯಿತು. ಘಟ್ಟದ ಮೇಲಿನವರು ಮದುವೆಯಲ್ಲಿ ಮುಯ್ಯಿ ಮಾಡುತ್ತಾರೆ. ಅದಕ್ಕೂ ಪುಸ್ತಕವಿದೆ, ಅವರ ಮನೆಯ ಮದುವೆಗೆ ಹಿಂದಿರುಗಿಸಬೇಕು. ಋಣ ಎಂಬುದು ದೊಡ್ಡದು, ಜನ್ಮಾಂತರಕ್ಕೂ ಬರುತ್ತದೆ ಅನ್ನುತ್ತಾರೆ, ಆದರೂ ತೀರುವ ಆಸೆ ಅದರಲ್ಲಿದೆ. ಹಂಗು ಮಾತ್ರ ಬೇರೆಯೇ ಜಾತಿ. ಅದಕ್ಕೆ ಅಳತೆಯಿಲ್ಲ, ಹಾಗಾಗಿ ತೀರಿಸುವುದಕ್ಕೆ ದಾರಿಯೂ ಇಲ್ಲ. ಕೊಟ್ಟವನು ಮರೆತರೂ ತೆಗೆದುಕೊಂಡವನು ತಲೆ ತಗ್ಗಿಸಿಯೇ ಇರಬೇಕು.

ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ದಾನದ ವಿಚಾರ ಬರುತ್ತದೆ. ಪ್ರತಿಯಾಗಿ ಏನನ್ನೂ ಮಾಡಲಾರದವನಿಗೆ, ಕೊಡುವುದು ಕರ್ತವ್ಯವೆಂದು ತಿಳಿದು ಕೊಟ್ಟದ್ದು ಸಾತ್ವಿಕ. ಪ್ರತಿಫಲ ಬಯಸಿ ಕೊಟ್ಟದ್ದು ರಾಜಸ. ದೊಡ್ಡ ಮಾತು, ನಾನು ಅದರ ಮುಂದೆ ಎಷ್ಟರವಳು. ಆದರೂ ಓದುವಾಗೆಲ್ಲ ಒಂದು ಅನುಮಾನ ಕಾಡುತ್ತದೆ: ಇದೆಲ್ಲ ಕೊಡುವವನ ಕಡೆಯಿಂದ ನೋಡಿದ್ದಲ್ಲವೆ? ಅವನ ಮನಸ್ಸು ಶುದ್ಧವಿದೆಯೋ ಇಲ್ಲವೋ ಎಂಬ ಪರೀಕ್ಷೆ. ತೆಗೆದುಕೊಂಡವನಿಗೆ ಏನಾಯಿತು? ಧಣಿಯ ಹೆಂಡತಿ ಕೊಟ್ಟ ಅಂಗಿ ಸಾತ್ವಿಕ ದಾನವೇ ಇರಬಹುದು. ಅಜ್ಜನ ಬೆನ್ನು ಬಗ್ಗಿದ್ದೂ ಅದರಿಂದಲೇ. ಫ್ರಾನ್ಸಿನ ಮಾರ್ಸೆಲ್ ಮಾಸ್ ಎಂಬ ಸಮಾಜಶಾಸ್ತ್ರಜ್ಞ 1925ರಲ್ಲಿ ಉಡುಗೊರೆಯ ಬಗ್ಗೆ ಬರೆದದ್ದು ಪ್ರಸಿದ್ಧವಾಗಿದೆ. ಕೊಡಬೇಕಾದ, ತೆಗೆದುಕೊಳ್ಳಬೇಕಾದ, ಹಿಂದಿರುಗಿಸಬೇಕಾದ ಮೂರು ಕಟ್ಟುಪಾಡುಗಳು ಅದರಲ್ಲಿವೆ, ಪುಕ್ಕಟೆ ಎನ್ನುವುದು ನಿಜವಾಗಿ ಇಲ್ಲ ಎಂದು ಅವನ ವಾದ. ಅಪ್ಪಯ್ಯ ಇವರಾರನ್ನೂ ಓದಿದವರಲ್ಲ. ಅವರಿಗೆ ಗೊತ್ತಿದ್ದದ್ದು ಆ ಅಂಗಿ.

ಯಜಮಾನನ ಕೈಗೇ ಬ್ಯಾಟರಿ ಕೊಡುವ ಹಟ ಆ ಕತೆ ಕೇಳಿದ ಮೇಲೆ ನನಗೆ ಅರ್ಥವಾಯಿತು. ಬ್ಯಾಟರಿ ಹಿಡಿದವನು ಕೆಲಸದಲ್ಲಿ ಪಾಲುದಾರ. ಮರುದಿನ ಅವನು ಯಾರಿಗಾದರೂ ಹೇಳುವಾಗ, 'ನಾವು ನಳ ಸರಿ ಮಾಡಿದೆವು' ಅನ್ನಬಹುದು. ದುಡ್ಡು ಕೊಡಲು ಬಂದರೆ ಅಪ್ಪಯ್ಯ ಮುಟ್ಟುತ್ತಿರಲಿಲ್ಲ. ಆದರೆ ಚಹಾ ಬೇಡ ಎಂದು ಎಂದೂ ಹೇಳಿದವರಲ್ಲ, ಒಂದೇ ಸಂಜೆಗೆ ಐದು ಮನೆಯ ಚಹಾ ಕುಡಿದು ರಾತ್ರಿ ನಿದ್ದೆಯಿಲ್ಲದೆ ಹೊರಳಾಡಿದ್ದುಂಟು.

2005ರ ಜುಲೈ 26 ನಿಮಗೂ ನೆನಪಿರಬಹುದು. ಒಂದೇ ದಿನ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಬಿದ್ದು, ಮಿಠಿ ನದಿ ಉಕ್ಕಿ, ಕುರ್ಲಾ, ಕಾಲಿನಾ ಎಲ್ಲ ಮುಳುಗಿದ ದಿನ. ಕುರ್ಲಾದ ಒಂದು ಚಾಳಿನಲ್ಲಿ ನಮ್ಮ ನೆಂಟರಿದ್ದರು. ಲೋಕಲ್ ಗಾಡಿ ಮತ್ತೆ ಶುರುವಾದದ್ದೇ ಅಪ್ಪಯ್ಯ ಚೀಲ ಎತ್ತಿಕೊಂಡು ಹೋದವರು ಆರು ದಿನ ಅಲ್ಲೇ ಉಳಿದರು. ಆಗ ಅವರಿಗೆ ಐವತ್ತೆಂಟು, ಕಾರ್ಖಾನೆ ಮುಚ್ಚಿ ವರ್ಷಗಳಾಗಿದ್ದವು. ನಾಲ್ಕನೆಯ ದಿನ ಊಟದ ಡಬ್ಬಿ ತೆಗೆದುಕೊಂಡು ನಾನು ಹೋದೆ. ಗಲ್ಲಿಯ ತುಂಬ ಕೆಸರಿನ, ಸತ್ತ ಇಲಿಯ ನಾತ. ಚಾಳಿನ ಜಗಲಿಯಲ್ಲಿ ಮಿಕ್ಸರುಗಳು, ಟೇಬಲ್ ಫ್ಯಾನುಗಳು, ಹೊಲಿಗೆ ಮೆಶಿನ್ನಿನ ಮೋಟರುಗಳು ಸಾಲಾಗಿ ಬಿಚ್ಚಿಟ್ಟಿದ್ದವು. ಒಂದೊಂದರ ಮುಂದೂ ಅದರ ಒಡತಿ ಕುಕ್ಕರುಗಾಲಲ್ಲಿ ಕೂತು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಕೆಸರು ತೊಳೆಯುತ್ತಿದ್ದಳು. 'ನಿಮ್ಮ ಮಿಕ್ಸರು, ನೀವೇ ತೊಳೀರಿ' ಎಂದು ಅಪ್ಪಯ್ಯನ ಆಜ್ಞೆ. ತೊಳೆದದ್ದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಕರೆಂಟು ಬಂದಿದ್ದ ಹಿಂದಿನ ಚಾಳಿನಿಂದ ವೈರು ಎಳೆದು, ನೂರು ವ್ಯಾಟಿನ ಬಲ್ಬು ಉರಿಸಿ ಇಡೀ ರಾತ್ರಿ ಒಣಗಿಸುವುದು. ಮರುದಿನ ಟೆಸ್ಟ್ ಲ್ಯಾಂಪ್ ಹಚ್ಚಿ ನೋಡುವುದು. ವೈಂಡಿಂಗ್ ಉಳಿದಿದ್ದರೆ ಸರಿ, ಇಲ್ಲದಿದ್ದರೆ 'ಇದು ಹೋಯ್ತು' ಎಂದು ಮುಖ ನೋಡಿಯೇ ಹೇಳುತ್ತಿದ್ದರು, ಸುಳ್ಳು ಸಮಾಧಾನವಿಲ್ಲ. ಸರ್ಕಾರದ ಪರಿಹಾರದ ಸಾಲಿನಲ್ಲಿ ಅದೇ ಹೆಂಗಸರನ್ನು ನಾನು ಮಧ್ಯಾಹ್ನ ನೋಡಿದೆ. ಅಲ್ಲಿ ನಿಂತಿದ್ದ ರೀತಿಯೇ ಬೇರೆ, ಇಲ್ಲಿ ಕೂತಿದ್ದ ರೀತಿಯೇ ಬೇರೆ.

ಇಷ್ಟಕ್ಕೇ ನಿಲ್ಲಿಸಿದರೆ ಅಪ್ಪಯ್ಯನ ಚಿತ್ರ ಚಂದವಾಗಿಯೇ ಇರುತ್ತದೆ. ಆದರೆ ಅಮ್ಮ ಇದನ್ನು ಓದುತ್ತಾಳೆ, ಮತ್ತು ಅವಳಿಗೆ ನೆನಪಿನ ಶಕ್ತಿ ಚೆನ್ನಾಗಿದೆ.

1989ರಲ್ಲಿ ಕಾರ್ಖಾನೆಯ ನಮ್ಮ ಕಡೆಯವರೇ ಒಬ್ಬರಿಗೆ ಅಪ್ಪಯ್ಯ ಜಾಮೀನು ನಿಂತರು. ಕಾರ್ಮಿಕರ ಪತ್‌ಪೇಢಿಯಿಂದ ಆತ ಹದಿನೈದು ಸಾವಿರ ಸಾಲ ತೆಗೆದ, ಆರು ತಿಂಗಳಿಗೆ ಕೆಲಸ ಬಿಟ್ಟು ಕಾಣೆಯಾದ. ಅಪ್ಪಯ್ಯನ ಸಂಬಳದಿಂದ ತಿಂಗಳಿಗೆ 400 ರೂಪಾಯಿಯಂತೆ ಮೂರೂವರೆ ವರ್ಷ ಕಡಿತವಾಯಿತು. ಈಗ ನಾನೇ ಪುಣೆಯಲ್ಲಿ ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೂತು ಜಾಮೀನುದಾರರ ಸಹಿ ಹಾಕಿಸುತ್ತೇನೆ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಎಂದು ಅವರಿಗೆ ಬಿಡಿಸಿ ಹೇಳುತ್ತೇನೆ. ಹೇಳಿದರೂ ಹತ್ತರಲ್ಲಿ ಒಂಬತ್ತು ಜನ ನಕ್ಕು ಸಹಿ ಹಾಕುತ್ತಾರೆ. ಎದುರಿಗೆ ಕೂತ ಗೆಳೆಯನ ಮುಂದೆ ಕಾನೂನು ಕೇಳುವುದು ಅವರಿಗೆ ಸಂಕೋಚ.

ನನ್ನ ಹನ್ನೊಂದನೆಯ ತರಗತಿಯ ಫೀಸಿಗೆ ಅಮ್ಮನ ಎರಡು ಬಳೆ ಹೋದವು. 'ನಿನ್ನ ಅಪ್ಪಯ್ಯ ಕೊಟ್ಟದ್ದೆಲ್ಲ ಸರಿ ಮಗಾ, ನನ್ನ ಹತ್ರ ಒಂದ್ ಮಾತ್ ಕೇಣ್ಲಿಲ್ಲ' ಎನ್ನುವುದು ಇವತ್ತಿಗೂ ಅವಳ ಮಾತು. ಆ ಬಳೆ ತವರಿನಿಂದ ಬಂದದ್ದು. ಇಲ್ಲಿ ಉದಾರಿ ಯಾರು? ಹೆಸರು ಅಪ್ಪಯ್ಯನದು, ಬಳೆ ಅಮ್ಮನದು. ಐದು ಮನೆಯ ಚಹಾ ಕುಡಿದು ಬಂದವರಿಗೆ ಒಂಬತ್ತೂವರೆಗೆ ಬಿಸಿ ಗಂಜಿ ಹಾಕಿದವಳೂ ಅವಳೇ. ನಮ್ಮದೇ ಮೋರಿಯ ನಳ ಎರಡು ತಿಂಗಳು ತೊಟ್ಟಿಕ್ಕಿದ್ದನ್ನು ಸಹಿಸಿದವಳೂ ಅವಳೇ. ತನ್ನದಲ್ಲದ್ದನ್ನು ಕೊಡುವುದು ದಾನವಲ್ಲ ಅನ್ನುತ್ತಾರೆ. ಸಂಸಾರವಂದಿಗನ ಸಂಜೆ, ಸಂಬಳ ಎಷ್ಟರ ಮಟ್ಟಿಗೆ ಅವನದು? ನಾನು ಈ ಲೆಕ್ಕವನ್ನು ಅಪ್ಪಯ್ಯನ ಪರವಾಗಿ ಹಲವು ಸಲ ಮಾಡಿ ನೋಡಿದ್ದೇನೆ. ಸರಿಹೊಂದುವುದಿಲ್ಲ.

ಆದರೆ ಅದೇ ವ್ಯವಹಾರದ ಬಾಲದಲ್ಲಿ ಇನ್ನೊಂದು ಸಂಗತಿಯಿದೆ, ಅದನ್ನು ಬಿಟ್ಟರೆ ಅಪ್ಪಯ್ಯನಿಗೆ ಅನ್ಯಾಯವಾಗುತ್ತದೆ. 1993ರ ಸುಮಾರಿಗೆ ಆ ಮನುಷ್ಯ ಡೊಂಬಿವಿಲಿ ಸ್ಟೇಷನ್ನಿನ ಮಧ್ಯದ ಸೇತುವೆಯ ಮೇಲೆ ಅಪ್ಪಯ್ಯನ ಕಣ್ಣಿಗೆ ಬಿದ್ದ. ಅಪ್ಪಯ್ಯನನ್ನು ಕಂಡವನೇ ಕಂಬದ ಕಡೆ ತಿರುಗಿ, ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುವ ಹಾಗೆ ಮಾಡಿದ. ಕಾಲಲ್ಲಿದ್ದದ್ದು ಚಪ್ಪಲಿ. ಅಪ್ಪಯ್ಯ ನೋಡದವರಂತೆ ಇಳಿದು ಬಂದರು. ಎರಡು ದಿನ ಬಿಟ್ಟು ಮತ್ತೆ ಹಾಗೆಯೇ ಆಯಿತು. ಆಮೇಲೆ ಅಪ್ಪಯ್ಯ ತಮ್ಮ ಡಬ್ಬಿಯನ್ನೇ ಬದಲಾಯಿಸಿದರು. ಕಲ್ಯಾಣ ತುದಿಯ ಡಬ್ಬಿಯಲ್ಲಿ ಕೂತು ಆ ತುದಿಯ ಸೇತುವೆಯಿಂದ ಬರತೊಡಗಿದರು, ಮನೆಗೆ ಹತ್ತು ನಿಮಿಷ ಹೆಚ್ಚಿನ ದಾರಿ. ಮುಂಬಯಿಯ ಲೋಕಲ್ ಗೊತ್ತಿದ್ದವರಿಗೆ ಇದು ಎಷ್ಟು ದೊಡ್ಡ ಮಾತು ಎಂದು ತಿಳಿಯುತ್ತದೆ. ಮಧ್ಯದ ಡಬ್ಬಿಯಲ್ಲಿ ಅವರ ಭಜನಾ ಮಂಡಳಿ ಇತ್ತು, ಹನ್ನೆರಡು ವರ್ಷದ ತಾಳ. ಅದನ್ನು ಬಿಟ್ಟರು. 'ದಿನಾ ಅಂವ ಬಗ್ಗೂದ್ ನಂಗ್ ನೋಡೂಕಾತಿಲ್ಲ' ಅಂದರು ಅಮ್ಮನಿಗೆ. ಅಮ್ಮ ಎರಡು ದಿನ ಮಾತು ಬಿಟ್ಟಳು. ದುಡ್ಡು ತಿಂದವನಿಗೆ ದಾರಿ ಬಿಡುವುದು ಎಂಥ ಧರ್ಮ ಎಂದು ಅವಳ ಪ್ರಶ್ನೆ. ನನಗೆ ಈ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಆದರೆ ಕೈಕೆಲಸದಲ್ಲಿ ಅಷ್ಟು ಜಾಣರಾಗಿದ್ದವರು ದುಡ್ಡಿನಲ್ಲಿ ಸೋತದ್ದು ಎಲ್ಲಿ ಎಂದು ಊಹಿಸಬಲ್ಲೆ. ದುಡ್ಡು ಕೊಡುವಾಗ ಅವನ ಕೈಗೆ ಹಿಡಿಯಲು ಕೊಡುವುದಕ್ಕೆ ಅವರ ಬಳಿ ಏನೂ ಇರಲಿಲ್ಲ.

ಬೊಜ್ಜದ ದಿನ ಆತ ಬಂದಿದ್ದ. ಪಂಕ್ತಿಯ ಕೊನೆಯಲ್ಲಿ ಕೂತು ಉಂಡು, ಫೋಟೋಗೆ ಕೈ ಮುಗಿದು, ಏನೂ ಮಾತಾಡದೆ ಹೋದ. ಅಮ್ಮನೇ ಅವನ ಎಲೆಗೆ ಎರಡನೆಯ ಸಲ ಪಾಯಸ ಬಡಿಸಿದಳು. ಯಾಕೆ ಎಂದು ನಾನು ಕೇಳಲಿಲ್ಲ.

ಆ ದಿನಗಳಲ್ಲಿ ನಾನೂ ಒಂದು ತಪ್ಪು ಮಾಡಿದೆ. ಕೆಳಗಿನ ಇಲೆಕ್ಟ್ರಿಕ್ ಸಾಮಾನಿನ ಅಂಗಡಿಯವರು ಹೊಸ ಬೋರ್ಡಿಗೆ, ವೈರಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಹುಡುಗನಾಗಿದ್ದಾಗ ಅಪ್ಪಯ್ಯನ ಹಿಂದೆ ತಿರುಗಿ ಕೆಲಸ ಕಲಿತವರು ಅವರು. ನಾನು ಬ್ಯಾಂಕಿನವಳು, ಪುಕ್ಕಟೆ ಎಂದರೆ ಮೈ ಉರಿಯುತ್ತದೆ. ಬೇಡ ಬೇಡ ಅನ್ನುತ್ತಿದ್ದಂತೆ ಎರಡು ಸಾವಿರ ರೂಪಾಯಿ ಗಲ್ಲೆಯ ಮೇಲಿಟ್ಟು ಬಂದೆ. ಅವರ ಮುಖ ಸಣ್ಣದಾದದ್ದು ನೋಡಿದೆ, ಆದರೂ ಸ್ವಾಭಿಮಾನ ಉಳಿಸಿಕೊಂಡ ಜಂಬ. ಅಮ್ಮನಿಗೆ ಹೇಳಿದರೆ, 'ಎಂತಕ್ಕೆ ಹಾಂಗ್ ಮಾಡ್ದೆ? ಅವ್ರಿಗೂ ಎಂತಾರೂ ಮಾಡ್ಕ್ ಅಂತ ಇರತ್ತಲ್ದಾ?' ಅಂದಳು. ಅಜ್ಜನ ಬೆನ್ನನ್ನು ನೆನೆದು ನಾನು ಯಾರ ಹಂಗೂ ಬೇಡ ಎಂದುಕೊಂಡಿದ್ದೆ. ಆದರೆ ತೆಗೆದುಕೊಳ್ಳಲು ಒಪ್ಪದವನೂ ಎದುರಿನವನ ಬೆನ್ನನ್ನು ಬಗ್ಗಿಸಿಯೇ ಇಡುತ್ತಾನೆ. ಅಪ್ಪಯ್ಯ ತೀರಿಹೋದ ಮೇಲೆ ಆತ ತೀರಿಸಿಕೊಳ್ಳಲು ಉಳಿದಿದ್ದದ್ದು ನಾವು ಮಾತ್ರ.

ಇನ್ನು ಆ ವೈರಿಂಗಿನ ಹೆದರಿಕೆ. ಮರುವಾರವೇ ಮನೆ ಮನೆ ಹತ್ತಿ, ಅಪ್ಪಯ್ಯ ಮಾಡಿದ ಕೆಲಸ ಒಮ್ಮೆ ತೋರಿಸಿಕೊಳ್ಳಿ, ಖರ್ಚು ನಾನು ಕೊಡುತ್ತೇನೆ ಎಂದು ಹೇಳುತ್ತ ಬಂದೆ. ಎದುರು ಮನೆಯ ಮರಾಠಿ ಕಾಕು ನಕ್ಕುಬಿಟ್ಟರು. ಅವರ ಅಡಿಗೆಮನೆಯ ಸ್ವಿಚ್ಚು 1996ರಿಂದಲೇ ಸಣ್ಣಗೆ ಶಾಕ್ ಹೊಡೆಯುತ್ತಿತ್ತಂತೆ. ಒಂದು ತಿಂಗಳು ಮರದ ಸೌಟಿನಿಂದ ಸ್ವಿಚ್ಚು ಹಾಕಿದರಂತೆ, ಆಮೇಲೆ ನಮ್ಮ ಮನೆಯವರೆಲ್ಲ ಊರಿಗೆ ಹೋಗಿದ್ದ ಮೇ ತಿಂಗಳಲ್ಲಿ ಬೇರೆಯವನನ್ನು ಕರೆದು ಸರಿ ಮಾಡಿಸಿಕೊಂಡರಂತೆ. 'ಅವರಿಗೆ ಹೇಗೆ ಹೇಳುವುದು? ಅಷ್ಟು ಪ್ರೀತಿಯಿಂದ ಮಾಡಿದ್ದು.' ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಎಂದು ನಮ್ಮಲ್ಲೂ ಹೇಳುತ್ತಾರಲ್ಲ. ಹಾಗಾದರೆ ಬ್ಯಾಟರಿ ಹಿಡಿಸಿದರೂ ಹಂಗು ಪೂರ್ತಿ ಹೋಗಿರಲಿಲ್ಲ. ದುಡ್ಡು ಕೊಟ್ಟು ಕರೆಸಿದವನಿಗೆ ಬೈಯಬಹುದು. ಅಪ್ಪಯ್ಯನಿಗೆ ಬೈಯುವ ಹಕ್ಕು ಯಾರಿಗೂ ಇರಲಿಲ್ಲ, ಹಾಗಾಗಿ ತಮ್ಮ ತಪ್ಪು ಅವರಿಗೆ ಕೊನೆಗೂ ತಿಳಿಯಲಿಲ್ಲ. ಇಪ್ಪತ್ತಮೂರು ವರ್ಷ ಆ ಕಾಕು ಅದನ್ನು ಮುಚ್ಚಿಟ್ಟುಕೊಂಡಿದ್ದು ಅಪ್ಪಯ್ಯನಿಗೆ ಅವರು ಕೊಟ್ಟದ್ದು ಅಂತಲೂ ಅನ್ನಬಹುದೇನೋ. ಕೊಟ್ಟದ್ದು ಒಳ್ಳೆಯದೇ ಆಯಿತೆ? ಎಲ್ಲಾದರೂ ಯಾವುದಾದರೂ ಮಗುವಿನ ಕೈ ಆ ಹೋಲ್ಡರಿಗೆ ತಾಗಿದ್ದರೆ?

ಈಗ ಅಮ್ಮ ಪುಣೆಯಲ್ಲಿ ನನ್ನ ಜತೆ ಇದ್ದಾಳೆ. ನಮ್ಮ ಸೊಸೈಟಿಯಲ್ಲಿ ಏನಾದರೂ ಕೆಟ್ಟರೆ ಮೊಬೈಲಿನ ಆ್ಯಪಿನಲ್ಲಿ ಒತ್ತಿದರೆ ಆಯಿತು. ಹುಡುಗ ಸಮಯಕ್ಕೆ ಸರಿಯಾಗಿ ಬರುತ್ತಾನೆ, ದುಡ್ಡು ಮೊದಲೇ ಗೊತ್ತು, ಕೆಲಸ ಚೆನ್ನಾಗಿಲ್ಲದಿದ್ದರೆ ದೂರು ಕೊಡಬಹುದು. ಯಾರ ಹಂಗೂ ಇಲ್ಲ. ಇದನ್ನು ಹಳಿಯಲು ನನಗೆ ಮನಸ್ಸಿಲ್ಲ. ಅಪ್ಪಯ್ಯ ಊರು ಬಿಟ್ಟು ಓಡಿ ಬಂದದ್ದು ಒಂದು ಲೆಕ್ಕದಲ್ಲಿ ಇದಕ್ಕಾಗಿಯೇ ಅಲ್ಲವೆ? ಎಷ್ಟು ಲೋಟಕ್ಕೆ ಎಷ್ಟು ಕೂಲಿ ಎಂದು ಗೊತ್ತಿರುವ ಜಾಗಕ್ಕೆ, ಯಾರೂ 'ಅದು ನನ್ನ ಅಂಗಿ' ಅನ್ನದ ಜಾಗಕ್ಕೆ. ಬಂದ ಮೇಲೆ ಅದೇ ಊರಿನಲ್ಲಿ ಐವತ್ತು ಮನೆಗಳಿಗೆ ಲೆಕ್ಕವಿಲ್ಲದ ಕೆಲಸ ಮಾಡುತ್ತ ಕೂತರು, ಅದು ಬೇರೆ ಮಾತು.

ಮೊನ್ನೆ ಹಾಲಿನ ಫ್ಯಾನು ಕೂಗತೊಡಗಿತು. ಬಂದ ಹುಡುಗನ ಹಿಂದಿಯಲ್ಲಿ ಏನೋ ನಮ್ಮದು ಎನ್ನಿಸುವ ಎಳೆ ಇತ್ತು. ವಿಚಾರಿಸಿದರೆ ವಿಜಯಪುರ ಜಿಲ್ಲೆಯವನು. ಅಮ್ಮನಿಗೆ ಹಬ್ಬ. ಊರು, ಮಳೆ, ಅವನ ತಾಯಿಯ ಮಂಡಿನೋವು ಎಲ್ಲ ವಿಚಾರಿಸಿ ಮುಗಿಸುವಷ್ಟರಲ್ಲಿ ಅವನು ಸ್ಟೂಲು ಹತ್ತಿದ್ದ. ಅಮ್ಮ ಒಳಗೆ ಹೋಗಿ ಅಪ್ಪಯ್ಯನ ಹಳೆಯ ಚೀಲದಿಂದ ಬ್ಯಾಟರಿ ತಂದು, ಫ್ಯಾನಿನ ಕಡೆಗೆ ಹಿಡಿದು ನಿಂತಳು. ಅದರ ಬೆಳಕು ಹಳದಿಯಾಗಿ, ಸೀಲಿಂಗಿನವರೆಗೂ ಮುಟ್ಟುತ್ತಿರಲಿಲ್ಲ.

'ಬ್ಯಾಡ್ರಿ ಅಮ್ಮಾರ, ನನ್ನ ತಲಿಮ್ಯಾಲ ಲೈಟ್ ಐತ್ರೀ' ಎಂದು ಹುಡುಗ ಹಣೆಗೆ ಕಟ್ಟಿದ್ದ ದೀಪ ಹೊತ್ತಿಸಿದ. ಇಡೀ ಹಾಲು ಬೆಳಗಿತು. ಅಮ್ಮ ಬ್ಯಾಟರಿ ಇಳಿಸಲಿಲ್ಲ. ಹುಡುಗ ಒಂದು ಕ್ಷಣ ಕೆಳಗೆ ನೋಡಿದ.

'ಹಂಗಾರ ಸ್ಟೂಲ್ ಹಿಡಕೋರಿ' ಅಂದ. 'ಅಳ್ಳಾಡಾಕತ್ತೈತಿ.'